ಎಲೀಷನ ಸಾಕ್ಷಿ

ಸಿಲ್ವಾನ ಅಯ್ಯನವರನ್ನು ಹೊಳೆಯ ದಡದಲ್ಲಿ ತಡೆದು ನಿಲ್ಲಿಸಿದ್ದು ದೇವರ ಧ್ವನಿ. ಆಗ ಎಲ್ಲರೂ ಹಾಗೆಯೇ ನಂಬಿದ್ದರು.

ನಲವತ್ತು ವರ್ಷಗಳ ಹಿಂದೆ ಅಯ್ಯನವರು ಆಚೆ ದಡದ ಊರಿಗೆ ಮೇಷ್ಟರ ಕೆಲಸಕ್ಕೆ ಹೊರಟಿದ್ದರಂತೆ. ಹೊಳೆಯ ಬಳಿ ಬಂದು ನಿಂತಾಗ, ಇಲ್ಲಿಂದ ಮುಂದೆ ಹೋಗಬೇಡ ಎಂಬ ಮಾತು ಕೇಳಿಸಿತಂತೆ. ಅವರು ಹೋಗಲಿಲ್ಲ. ಅಲ್ಲೇ ಒಂದು ಗುಡಿಸಲು ಹಾಕಿದರು. ಗುಡಿಸಲು ಆಶ್ರಮವಾಯಿತು. ಆಶ್ರಮದಿಂದ ಸುತ್ತಲಿನ ಊರುಗಳ ಕ್ರೈಸ್ತ ಸಭೆಗಳಿಗೆ ಉಪದೇಶಿಗಳು ಹೋದರು.

ಆ ಧ್ವನಿ ಗಂಭೀರವಾಗಿತ್ತೋ ಮೃದುವಾಗಿತ್ತೋ ಎಂಬುದರಲ್ಲಿ ಮಾತ್ರ ಭಿನ್ನಾಭಿಪ್ರಾಯವಿತ್ತು.

ಅಯ್ಯನವರನ್ನೇ ಕೇಳಿದರೆ ಅವರು ನಗುತ್ತಿದ್ದರು. ಅದು ವಿನಯ ಎಂದು ಜನ ತೀರ್ಮಾನಿಸಿದರು. ವಿನಯವಂತರ ಬಾಯಿ ಬಿಡಿಸಬಾರದೆಂದು ಸುಮ್ಮನಾದರು.

ಹೀಗೆ ಒಂದು ಪದ್ಧತಿ ಬೆಳೆಯಿತು. ತರಬೇತಿ ಮುಗಿಸಿದ ಶಿಷ್ಯ ಸಾಕ್ಷಿ ಕೂಟದಲ್ಲಿ ಎದ್ದು ನಿಲ್ಲಬೇಕು. ದೇವರು ತನ್ನನ್ನು ಯಾವಾಗ ಕರೆದ, ಹೇಗೆ ಕರೆದ ಎಂದು ಹಿರಿಯರ ಮುಂದೆ ಹೇಳಬೇಕು. ಹಿರಿಯರು ಒಪ್ಪಿದರೆ ಸೇವೆಗೆ ಊರು ಸಿಗುತ್ತದೆ. ಒಪ್ಪದಿದ್ದರೆ ಮನೆಗೆ ಬಸ್ಸು ಸಿಗುತ್ತದೆ.

ಮೊದಮೊದಲು ದೇವರು ಮೆಲ್ಲಗೆ ಕರೆಯುತ್ತಿದ್ದ. ವರ್ಷಗಳು ಕಳೆದಂತೆ ಅವನ ದನಿ ಏರಿತು. ಒಬ್ಬನನ್ನು ಕನಸಿನಲ್ಲಿ ಕರೆದ, ಇನ್ನೊಬ್ಬನನ್ನು ಬಾವಿಯೊಳಗಿಂದ. ಹೋದ ವರ್ಷದವನನ್ನು ಮೂರು ಸಲ ಕರೆದ, ಇನಿಷಿಯಲ್ ಸಮೇತ.

ಈ ವರ್ಷದ ಸರದಿ ಎಲೀಷನದು. ಅವನಿಗೆ ಏನೂ ಕೇಳಿಸಿರಲಿಲ್ಲ.

ಮೂರು ವರ್ಷ ಅವನು ಕಾದಿದ್ದ. ಮೊಣಕಾಲೂರಿ ಕಾದಿದ್ದ, ಉಪವಾಸವಿದ್ದು ಕಾದಿದ್ದ. ಹಸಿವಾದದ್ದು ನಿಜ, ಬೇರೇನೂ ಆಗಲಿಲ್ಲ.

ಅವನಿಗೆ ಬೇಕಿದ್ದದ್ದು ಒಂದೇ ಒಂದು, ಕರಡಿಕಟ್ಟೆ. ಆಶ್ರಮದಿಂದ ಆರು ಮೈಲಿ ದೂರದ ಊರು. ಅಲ್ಲಿ ಹನ್ನೊಂದು ಕ್ರೈಸ್ತ ಮನೆಗಳು. ಎರಡು ವರ್ಷದಿಂದ ಉಪದೇಶಿ ಇರಲಿಲ್ಲ. ಶನಿವಾರ ಶನಿವಾರ ಎಲೀಷ ಅಲ್ಲಿಗೆ ನಡೆದು ಹೋಗುತ್ತಿದ್ದ. ಮಕ್ಕಳಿಗೆ ಓದಿಸುತ್ತಿದ್ದ, ಕಾಯಿಲೆಯವರ ಹಾಸಿಗೆಯ ಪಕ್ಕ ಕೂರುತ್ತಿದ್ದ, ರಾಹೇಲಮ್ಮನ ಮನೆಯಲ್ಲಿ ಊಟ ಮಾಡಿ ಬರುತ್ತಿದ್ದ. ಆ ಊರಿನವರು ಇವನೇ ಬೇಕೆಂದಿದ್ದರು. ಇವನಿಗೂ ಅದೇ ಊರು ಬೇಕಿತ್ತು.

ಕೂಟಕ್ಕೆ ಎರಡೇ ದಿನ ಉಳಿದಿತ್ತು. ಸಾಕ್ಷಿ ಕಟ್ಟಲು ಹಿರಿಯ ಶಿಷ್ಯ ಬರ್ನಬ ಸಲಹೆ ಕೊಟ್ಟ.

"ಬೆಳಕು ಸೇರಿಸು."

"ಧ್ವನಿ ಸಾಲದೇನಣ್ಣ?"

"ಬರೀ ಧ್ವನಿ ಈಗ ನಡೆಯಲ್ಲ ಕಣೋ. ಹಳೇದಾಯ್ತು."

"ಸುಳ್ಳಾಗಲ್ವಾ?"

"ನೀನು ಕರಡಿಕಟ್ಟೆಗೆ ಹೋಗೋದು ದೇವರಿಗೆ ಇಷ್ಟಾನೋ ಇಲ್ವೋ?"

"ಇಷ್ಟ ಇರಬೇಕು."

"ಮತ್ತೇನು? ಅವನ ಪರವಾಗಿ ನೀನೇ ನಿನ್ನನ್ನ ಕರ್ಕೋ. ಅವನಿಗೂ ಒಂದು ಕೆಲಸ ಕಡಿಮೆ."

ಎಲೀಷ ಹೊಳೆಯ ಮೆಟ್ಟಿಲ ಮೇಲೆ ನಿಂತು ಅಭ್ಯಾಸ ಶುರು ಮಾಡಿದ. ಕೈ ಎತ್ತಿದ, ದನಿ ತಗ್ಗಿಸಿದ.

"'ಎಲೈ ಎಲೀಷನೇ, ನನ್ನ ಮಗನೇ, ಎದ್ದು ಕರಡಿಕಟ್ಟೆಯ ಜನರ ಬಳಿಗೆ ಹೊರಡುವವನಾಗು!'"

ಕೆಳಗಿನ ಮೆಟ್ಟಿಲಲ್ಲಿ ಪಂಚೆ ಒಗೆಯುತ್ತಿದ್ದ ಅಯ್ಯನವರು ತಲೆ ಎತ್ತಿದರು.

"ಯಾರು ಹೇಳಿದ್ದು ಅದು?"

ಎಲೀಷ ಬೆಚ್ಚಿದ. "ದೇವರು, ಅಯ್ಯನವರೆ."

"ನಿಮ್ಮ ಮನೇಲಿ ನಿನ್ನನ್ನ ಏನಂತ ಕರೀತಾರೆ?"

"ಎಲ್ಯಾ ಅಂತ."

"ದೇವರಿಗೆ ಆ ಹೆಸರು ಗೊತ್ತಿಲ್ವಾ?"

"ಗೊತ್ತಿರುತ್ತೆ."

"ಮತ್ತೆ ಈ ಎಲೈ, ಹೊರಡುವವನಾಗು, ಎಲ್ಲ ಯಾಕೆ? ನಿಮ್ಮಿಬ್ಬರಿಗೆ ಅಷ್ಟಾಗಿ ಪರಿಚಯ ಇಲ್ಲ ಅಂತ ಕಾಣುತ್ತೆ."

ಎಲೀಷ ತಲೆ ತಗ್ಗಿಸಿ ಬೈಗುಳಕ್ಕೆ ಕಾದ. ಬೈಗುಳ ಬರಲಿಲ್ಲ. ಅಯ್ಯನವರು ಪಂಚೆಯನ್ನು ಹಿಂಡಿ, ಕೊಡವಿ, ಹೆಗಲ ಮೇಲೆ ಹಾಕಿಕೊಂಡರು.

"ಒಂದು ಕೆಲಸ ಮಾಡು. ಹಿರಿಯರಿಗೆ ಹೇಳೋಕೆ ಮುಂಚೆ ಕರಡಿಕಟ್ಟೆಯವರಿಗೆ ಹೇಳಿ ಬಾ. ಅವರ ಊರಿನ ವಿಷಯ ತಾನೆ?"

"ಪೂರ್ತಿ ಹೇಳಲಾ?"

"ಬೆಳಕೂ ಇದೆಯಾ ಅದರಲ್ಲಿ?"

"ಇದೆ, ಅಯ್ಯನವರೆ."

"ಅದನ್ನೂ ಹೇಳು."

ಇದನ್ನು ಎಲೀಷ ಅಪ್ಪಣೆ ಎಂದು ತಿಳಿದ. ಆತುರದಲ್ಲಿರುವ ಯಾರೇ ಆದರೂ ಹಾಗೆಯೇ ತಿಳಿಯುತ್ತಿದ್ದರು.

ಮರುದಿನ ಬೆಳಿಗ್ಗೆಯೇ ಹೋದ. ಪ್ರಾರ್ಥನಾ ಮಂದಿರದ ಜಗಲಿಯ ಮೇಲೆ ನಿಂತು ಹೇಳಿದ. ಸೊಗಸಾಗಿ ಬಂತು. ಬೆಳಕಿನ ಭಾಗಕ್ಕೆ ಬರುವ ಹೊತ್ತಿಗೆ ಹೆಂಗಸರು ಕೊಡ ಕೆಳಗಿಟ್ಟು ಸೆರಗು ತಲೆಗೆ ಎಳೆದುಕೊಂಡಿದ್ದರು. ಒಬ್ಬ ಮುದುಕ ರುಮಾಲು ತೆಗೆದ. ನಿನ್ನೆಯವರೆಗೆ 'ಬಾರೋ ಎಲ್ಯಾ' ಎನ್ನುತ್ತಿದ್ದವರು 'ಬನ್ನಿ' ಎಂದರು.

ಎಲೀಷನಿಗೆ ಹಿತವಾಯಿತು. ಸುಳ್ಳು ಹೇಳಿದವನಿಗೆ ಹಿತವಾಗುವುದಿಲ್ಲ ಎಂದು ಬರೆದವರು ಸುಳ್ಳು ಹೇಳಿ ನೋಡಿರಲಾರರು.

ಎಲ್ಲರೂ ಹೋದ ಮೇಲೆ ರಾಹೇಲಮ್ಮ ಉಳಿದಳು. ಯಾವಾಗಲೂ ಅವನ ಪಕ್ಕದಲ್ಲಿ ಕೂತು, ಕಡ್ಡಿಯ ಹಾಗಿದ್ದೀಯ ಎಂದು ಬೈಯುವವಳು ಇಂದು ಕೈಕಟ್ಟಿ ನಿಂತಿದ್ದಳು.

"ನಿಮಗೆ ದೇವರ ಧ್ವನಿ ಕೇಳಿಸುತ್ತೆ ಅಂತ ಗೊತ್ತಿರಲಿಲ್ಲಪ್ಪ."

"ನನಗೆ ನೀವು ಅನ್ಬೇಡಿ ದೊಡ್ಡಮ್ಮ. ಕೂತ್ಕೊಳ್ಳಿ."

ಅವಳು ಕೂರಲಿಲ್ಲ.

"ಒಂದು ಮಾತು ಕೇಳಿ ಹೇಳ್ತೀರಾ?"

"ಯಾರನ್ನ?"

"ಅವನನ್ನೇ. ನಿಮ್ಮ ಹತ್ತಿರ ಮಾತಾಡ್ತಾನಲ್ಲ."

ಅವಳ ಗಂಡ ದಾನಿಯೇಲ ಎಂಟು ವರ್ಷದ ಹಿಂದೆ ಕಲ್ಲು ಒಡೆಯುವ ಕೆಲಸಕ್ಕೆಂದು ಗೋವೆಯ ಕಡೆ ಹೋದವನು. ಕಾಗದ ಬರಲಿಲ್ಲ. ಅವನೂ ಬರಲಿಲ್ಲ. ಸತ್ತ ಸುದ್ದಿಯೂ ಬರಲಿಲ್ಲ.

"ಇದಾನೋ ಇಲ್ವೋ, ಅಷ್ಟು ಕೇಳಿದ್ರೆ ಸಾಕು," ಎಂದಳು. "ಯಾಕೆ ಬರಲಿಲ್ಲ ಅಂತ ಕೇಳಬೇಡಿ. ಅದು ನನಗೂ ಅವನಿಗೂ ಸೇರಿದ್ದು."

ಎಲೀಷ ಜಗಲಿಯಿಂದ ಇಳಿದು ಅವಳ ಪಕ್ಕ ಬಂದು ನಿಂತ.

"ಎಂಟು ವರ್ಷದಿಂದ ದಿನಾ ಇಬ್ಬರಿಗೆ ಅಡಿಗೆ ಮಾಡ್ತೀನಿ. ಬಂದುಬಿಟ್ರೆ ಅಂತ. ಒಬ್ಬರಿಗೆ ಮಾಡಬೇಕಾದ್ರೆ ತಿಳೀಬೇಕಲ್ಲಪ್ಪ?"

ಶನಿವಾರ ಶನಿವಾರ ತಾನು ಉಂಡದ್ದು ಯಾರ ಪಾಲಿನ ಊಟವೆಂದು ಎಲೀಷನಿಗೆ ಆಗ ತಿಳಿಯಿತು.

"ಕೇಳ್ತೀನಿ," ಎಂದ.

ಆಶ್ರಮಕ್ಕೆ ಮರಳಿದಾಗ ಮಧ್ಯಾಹ್ನ. ಅಯ್ಯನವರು ಮೊರ ಇಟ್ಟುಕೊಂಡು ಅಕ್ಕಿಯಲ್ಲಿ ಕಲ್ಲು ಆರಿಸುತ್ತಿದ್ದರು.

"ಹೇಳಿದೆಯಾ?"

"ಹೇಳಿದೆ."

"ನಂಬಿದರಾ?"

"ನಂಬಿದರು."

"ಮತ್ತೆ ಮುಖ ಯಾಕೆ ಹೀಗಿದೆ?"

ಎಲೀಷ ಎಲ್ಲವನ್ನೂ ಹೇಳಿದ. ಅಯ್ಯನವರ ಬೆರಳುಗಳು ಅಕ್ಕಿಯ ನಡುವೆ ನಿಂತವು. ಆಮೇಲೆ ಅಂದರು:

"ಸರಿ, ಕೇಳು ಮತ್ತೆ."

"ಯಾರನ್ನ?"

"ನಿನ್ನನ್ನ ಕರೆದವನನ್ನ."

"ಸಾಕು ಮಾಡಿ, ಅಯ್ಯನವರೆ."

"ಶುರು ಮಾಡಿದವನು ನಾನಲ್ಲವಲ್ಲ."

ಎಲೀಷನಿಗೆ ಸಿಟ್ಟು ಬಂತು. ಮೂರು ವರ್ಷದಲ್ಲಿ ಗುರುವಿನ ಮುಂದೆ ಬಂದ ಮೊದಲ ಸಿಟ್ಟು.

"ನೀವೇ ಕೇಳಿ. ನಿಮಗಂತೂ ಕೇಳಿಸುತ್ತಲ್ಲ!"

ಅಯ್ಯನವರು ನಗಲಿಲ್ಲ. ಅವನಿಗೆ ಅದೇ ವಿಚಿತ್ರವೆನಿಸಿತು.

"ಏಳು ವರ್ಷದ ಹಿಂದೆ ಅವಳು ನನ್ನ ಹತ್ತಿರ ಬಂದಿದ್ದಳು," ಎಂದರು. "ಇದೇ ಮಾತು ಕೇಳಿದಳು. ಇದೇ ಜಾಗದಲ್ಲಿ."

"ಏನು ಹೇಳಿದಿರಿ?"

"ಪ್ರಾರ್ಥನೆ ಮಾಡೋಣ ಅಂದೆ."

"ಅದು ಸುಳ್ಳಲ್ಲವಲ್ಲ."

"ಅಲ್ಲ. ಅದಕ್ಕೇ ಏಳು ವರ್ಷ ನಡೆಯಿತು."

ಮೊರದಿಂದ ಒಂದು ಕಲ್ಲನ್ನು ಹೆಕ್ಕಿ, ಬೆಳಕಿಗೆ ಹಿಡಿದು ನೋಡಿ, ಎಸೆದರು.

"ನಾಳೆ ಕೂಟದಲ್ಲಿ ನಾನು ಏನು ಹೇಳಲಿ, ಅಯ್ಯನವರೆ?"

"ನಾಳೆ ದೂರ ಇದೆ. ಕರಡಿಕಟ್ಟೆ ಆರು ಮೈಲಿ."

ಎಲೀಷ ಊಟವನ್ನೂ ಮಾಡದೆ ಮತ್ತೆ ಹೊರಟ.

ರಾಹೇಲಮ್ಮ ಒಲೆ ಹೊತ್ತಿಸುತ್ತಿದ್ದಳು. ಅವನನ್ನು ಕಂಡವಳೇ ಎದ್ದಳು. ಸೆರಗಿನಲ್ಲಿ ಕೈ ಒರೆಸಿಕೊಂಡಳು. ಒಂದು ಕೈಯನ್ನು ಗೋಡೆಗೆ ಊರಿದಳು, ಸುದ್ದಿ ಯಾವುದಾದರೂ ಬೀಳದೆ ನಿಂತಿರಬೇಕೆಂಬಂತೆ.

"ದೊಡ್ಡಮ್ಮ, ನನಗೆ ಯಾವ ಧ್ವನಿಯೂ ಕೇಳಿಸಿಲ್ಲ. ಬೆಳಕೂ ಕಾಣಿಸಿಲ್ಲ. ಈ ಊರು ಸಿಗಲಿ ಅಂತ ಕಟ್ಟಿ ಹೇಳಿದೆ."

ಅವಳು ಗೋಡೆಯಿಂದ ಕೈ ತೆಗೆದಳು.

"ಬೆಳಿಗ್ಗೆ ಕೇಳಿಸಿತ್ತು, ಸಾಯಂಕಾಲ ಕೇಳಿಸಲ್ವಾ?"

"ಬೆಳಿಗ್ಗೆಯೂ ಕೇಳಿಸಿರಲಿಲ್ಲ. ದಾನಿಯೇಲಪ್ಪ ಇದ್ದಾರೋ ಇಲ್ವೋ ನನಗೆ ಗೊತ್ತಿಲ್ಲ. ಗೊತ್ತಾಗೋ ದಾರಿಯೂ ಗೊತ್ತಿಲ್ಲ."

"ಇದನ್ನ ಹೇಳೋಕೆ ಮತ್ತೆ ಆರು ಮೈಲಿ ನಡಕೊಂಡು ಬಂದೆಯಾ? ತಲೆ ಇದೆಯೇನೋ ನಿನಗೆ?"

ನೀನು ಎಂದಳು. ಎಲೀಷನಿಗೆ ಹೋದ ಜೀವ ಬಂದಂತಾಯಿತು.

"ಹೋಗು," ಎಂದಳು. "ಇವತ್ತು ನಿನ್ನ ಮುಖ ನೋಡೋಕೆ ನನ್ನ ಕೈಲಿ ಆಗಲ್ಲ."

ಅಂದು ಅವಳು ಊಟ ಹಾಕಲಿಲ್ಲ. ಎಲೀಷ ಅದನ್ನು ನಿರೀಕ್ಷಿಸಲೂ ಇಲ್ಲ.

ಸಾಕ್ಷಿ ಕೂಟದ ದಿನ ಆಶ್ರಮದ ಮಂದಿರ ತುಂಬಿತ್ತು. ಕರಡಿಕಟ್ಟೆಯವರು ಹಿಂದಿನ ಚಾಪೆಗಳ ಮೇಲೆ ಕೂತಿದ್ದರು. ರಾಹೇಲಮ್ಮನೂ ಇದ್ದಳು. ಮುಂದೆ ಮೂವರು ಹಿರಿಯರು. ನಡುವಿನ ಕುರ್ಚಿಯಲ್ಲಿ ನಿವೃತ್ತ ಹೆಡ್‌ಮಾಸ್ತರ್ ಗಿದ್ಯೋನಪ್ಪ. ನಿವೃತ್ತಿಯಾಗಿ ಹತ್ತು ವರ್ಷವಾಗಿದ್ದರೂ ಎದುರಿಗೆ ನಿಂತವರು ಹೋಂವರ್ಕ್ ಮಾಡಿಲ್ಲವೆಂಬ ಅನುಮಾನ ಅವರನ್ನು ಬಿಟ್ಟಿರಲಿಲ್ಲ. ಅಯ್ಯನವರು ಪಕ್ಕದಲ್ಲಿ ನೆಲದ ಮೇಲೆ ಕೂತಿದ್ದರು.

"ಎಲೀಷ, ದೇವರು ನಿನ್ನನ್ನು ಯಾವಾಗ ಕರೆದ?"

"ಗೊತ್ತಿಲ್ಲ ಸಾರ್."

"ಜೋರಾಗಿ ಹೇಳು."

"ಗೊತ್ತಿಲ್ಲ ಸಾರ್!"

ಹಿಂದಿನ ಸಾಲಿನವರೂ ಎಚ್ಚರಗೊಂಡರು. ಬರ್ನಬ ಕಣ್ಣು ಮುಚ್ಚಿಕೊಂಡ. ಅದು ಪ್ರಾರ್ಥನೆ ಇರಲಾರದು.

"ಕರೆ ಬಂದಿಲ್ಲ ಅಂತೀಯಾ?"

"ಕೇಳಿಸಿಲ್ಲ ಸಾರ್. ಕೇಳಿಸಿತು ಅಂತ ನಿನ್ನೆ ಕರಡಿಕಟ್ಟೆಯಲ್ಲಿ ಸುಳ್ಳು ಹೇಳಿದೆ. ನಂಬಿದವರೆಲ್ಲ ಇಲ್ಲೇ ಇದ್ದಾರೆ. ಅವರು ಕ್ಷಮಿಸಬೇಕು."

"ಕರೆ ಇಲ್ಲದೆ ಈ ಆಶ್ರಮಕ್ಕೆ ಯಾಕೆ ಬಂದೆ?"

"ಪಿಯುಸಿ ಫೇಲಾಗಿತ್ತು. ಇಲ್ಲಿ ಎರಡು ಹೊತ್ತು ಊಟ ಹಾಕ್ತಾರೆ ಅಂದರು. ಬಂದೆ."

ನಗು ಎದ್ದಿತು. ಹೆಡ್‌ಮಾಸ್ತರು ಮೇಜು ತಟ್ಟಿದರು.

"ಬಂದದ್ದು ಊಟಕ್ಕೆ. ಉಳಿದದ್ದು ಯಾಕೆ?"

"ಶನಿವಾರ ಕರಡಿಕಟ್ಟೆಗೆ ಹೋಗ್ತಿದ್ದೆ. ಆಮೇಲೆ ಹೋಗದೆ ಇರೋಕೆ ಆಗಲಿಲ್ಲ."

"ಪ್ರಾರ್ಥನೆಯಾದರೂ ಮಾಡ್ತೀಯಾ?"

"ದಿನಾ ಮಾಡ್ತೀನಿ. ಆ ಕಡೆಯಿಂದ ಉತ್ತರ ಕೇಳಿಸಿಲ್ಲ. ಆದರೂ ಮಾಡ್ತೀನಿ."

ಹಿರಿಯರು ತಲೆಗೆ ತಲೆ ಹಚ್ಚಿ ಮಾತಾಡಿದರು. ಹೆಚ್ಚು ಹೊತ್ತು ಬೇಕಾಗಲಿಲ್ಲ.

"ಹುಡುಗ ಒಳ್ಳೆಯವನು," ಎಂದರು ಗಿದ್ಯೋನಪ್ಪ. "ಆದರೆ ಕರೆ ಇಲ್ಲದವನನ್ನು ಊರಿಗೆ ಕಳಿಸೋದು ಪದ್ಧತಿಯಲ್ಲ. ನಾಳೆ ಬೆಳಿಗ್ಗೆ ಬಸ್ಸಿದೆ."

ಎಲೀಷ ತಲೆಯಾಡಿಸಿದ.

ಹಿಂದಿನಿಂದ ಒಂದು ಹೆಣ್ಣು ದನಿ ಕೇಳಿಸಿತು.

"ನಮಗೆ ಇವನೇ ಬೇಕು ಸಾರ್."

ರಾಹೇಲಮ್ಮ ಎದ್ದು ನಿಂತಿದ್ದಳು.

"ಅವನು ಸುಳ್ಳು ಹೇಳಿದ್ದಾನಮ್ಮ. ಅವನೇ ಒಪ್ಪಿಕೊಂಡ."

"ನನ್ನ ಮನೆ ಬಾಗಿಲಿಗೆ ಬಂದೂ ಒಪ್ಪಿಕೊಂಡ. ಗೊತ್ತಿಲ್ಲದ್ದನ್ನ ಗೊತ್ತಿಲ್ಲ ಅಂದ. ಇಷ್ಟು ವರ್ಷದಲ್ಲಿ ನನಗೆ ಹಾಗಂದವರು ಯಾರೂ ಇಲ್ಲ ಸಾರ್. ಎಲ್ಲರೂ ಪ್ರಾರ್ಥನೆ ಮಾಡೋಣ ಅಂದರು."

ಅಯ್ಯನವರು ನೆಲ ನೋಡುತ್ತಿದ್ದರು. ಅವರ ಕಿವಿ ಕೆಂಪಾದದ್ದನ್ನು ಕಂಡವನು ಎಲೀಷ ಒಬ್ಬನೇ.

"ಅದು ಬೇರೆ ವಿಷಯ," ಎಂದರು ಹೆಡ್‌ಮಾಸ್ತರು, ಪಾಠ ಅರ್ಥವಾಗದ ತರಗತಿಗೆ ಹೇಳುವಂತೆ. "ಈ ಆಶ್ರಮ ನಿಂತಿರೋದೇ ಕರೆಯ ಮೇಲೆ. ಅಯ್ಯನವರಿಗೆ ಕರೆ ಬಾರದೆ ಇದ್ದಿದ್ದರೆ ನಾವ್ಯಾರೂ ಇಲ್ಲಿ ಕೂತಿರ್ತಿರಲಿಲ್ಲ. ಅಯ್ಯನವರೆ, ನಲವತ್ತು ವರ್ಷದಿಂದ ನಕ್ಕು ಸುಮ್ಮನಾಗಿದ್ದೀರಿ. ಇವತ್ತು ನಿಮ್ಮ ಬಾಯಿಂದಲೇ ಹೇಳಿಬಿಡಿ, ಈ ಹುಡುಗನಿಗೂ ಬುದ್ಧಿ ಬರಲಿ. ಅವತ್ತು ನಿಮ್ಮನ್ನು ಹೊಳೆ ದಾಟದಂತೆ ತಡೆದದ್ದು ಏನು?"

ಜನ ಮುಂದಕ್ಕೆ ಬಾಗಿದರು. ತಾಯಂದಿರು ಮಕ್ಕಳ ಬಾಯಿ ಮುಚ್ಚಿದರು.

ಅಯ್ಯನವರು ಗೋಡೆ ಹಿಡಿದು ಎದ್ದರು. ಎಲೀಷನ ಪಕ್ಕಕ್ಕೆ ಬಂದು, ಸಾಕ್ಷಿ ಹೇಳುವವರು ನಿಲ್ಲುವ ಜಾಗದಲ್ಲಿ ನಿಂತರು. ಹಿರಿಯರ ಕಡೆ ತಿರುಗಲಿಲ್ಲ. ರಾಹೇಲಮ್ಮನನ್ನು ನೋಡಿ ಹೇಳಿದರು:

"ಅವತ್ತು ದೋಣಿಯವನು ಬರಲಿಲ್ಲ."