ಬೀಜವಿರುವ ಹತ್ತಿ

ಅದೊಂದು ಸಾಮಾನ್ಯ ಗುರುವಾರ. ಎರೆಸೀಮೆಯ ಆ ಊರಿನ ಸಣ್ಣ ದವಾಖಾನೆಯ ಬಾಗಿಲನ್ನು ಡ್ರೆಸ್ಸರ್ ದ್ಯಾಮಣ್ಣ ಎಂದಿನಂತೆ ತೆರೆದು, ಸ್ಟೋವ್ ಹಚ್ಚಿ, ಕತ್ತರಿ ಚಿಮಟಗಳನ್ನು ಕುದಿಯಲು ಇಟ್ಟ. ಹೊರಗಿನ ಬೆಂಚಿನ ತುದಿಯಲ್ಲಿ ಪೂಜ್ಯ ಪರ್ವತವ್ವ ತಾಯಿಯವರು ಕುಳಿತಿದ್ದರು. ಹಿಮ್ಮಡಿಯ ಹುಣ್ಣಿಗೆ ಪಟ್ಟಿ ಕಟ್ಟಿಸಿಕೊಳ್ಳಲು ಮಠದಿಂದ ಕುಂಟುತ್ತ ನಡೆದು ಬಂದಿದ್ದರು. ಜನ ಎದ್ದು ಮುಂದೆ ಹೋಗಿರೆಂದು ಬೇಡಿಕೊಂಡರೂ ತಮ್ಮ ಸರದಿಯನ್ನೇ ಕಾದರು. ಮಡಿಲಲ್ಲಿ ಹೊಲದಿಂದ ಬಿಡಿಸಿ ತಂದ ಹತ್ತಿ. ಅದರ ಬೀಜ ತೆಗೆದು ದೇವರ ದೀಪಕ್ಕೆ ಬತ್ತಿ ಹೊಸೆಯುವುದು ಅವರ ನಿತ್ಯದ ಸೇವೆ.

ದ್ಯಾಮಣ್ಣನಿಗೆ ಸಾಧುಸಂತರ ಮೇಲೆ ಭಕ್ತಿ ಅಷ್ಟಕ್ಕಷ್ಟೆ. "ಗಾಯಕ್ಕ ಔಷಧ ಬೇಕು, ಮಠದ ಬೂದಿ ಅಲ್ಲ" ಎಂದು ಮಠದ ಮುಂದೆಯೇ ನಿಂತು ಹೇಳುವವನು. ಕೆಲಸದಲ್ಲಿ ಅವನದೊಂದೇ ನಂಬಿಕೆ: ಗಟ್ಟಿ ಹಿಡಿದು ಒಂದೇ ಸಲಕ್ಕೆ ಪಟ್ಟಿ ಕಿತ್ತುಬಿಟ್ಟರೆ ಅಳು ಬೇಗ ಮುಗಿಯುತ್ತದೆ.

ಕಲ್ಲವ್ವ ತನ್ನ ಐದು ವರ್ಷದ ಮಗಳು ಶಾರವ್ವನನ್ನು ಎತ್ತಿಕೊಂಡು ಒಳಗೆ ಬಂದಳು. ಹಂಡೆಯ ಕುದಿನೀರು ಚೆಲ್ಲಿ ಕೂಸಿನ ಬಲಪಾದ ಬೆಂದಿತ್ತು. ದಿನ ಬಿಟ್ಟು ದಿನ ಪಟ್ಟಿ ಬದಲಿಸಬೇಕು. ತಪ್ಪಿದರೆ ಗಾಯ ಕೀವಾಗಿ, ಬೆರಳುಗಳು ಒಂದಕ್ಕೊಂದು ಕೂಡಿಕೊಂಡು, ಹುಡುಗಿ ಕುಂಟಿಯಾದಾಳು ಎಂದು ಡಾಕ್ಟರು ಎಚ್ಚರಿಸಿದ್ದರು.

"ನನ್ನ ಕೈಲೆ ಆಗವಲ್ದೋ ಯಣ್ಣಾ," ಎಂದಳು ಕಲ್ಲವ್ವ. "ಮಲಗಿದ್ದಲ್ಲೇ ಬೆಚ್ಚಿ ಬಿದ್ದು ಚೀರತೈತಿ. ಸುಟ್ಟಾಗಿಂದ ನಾನೂ ಕಣ್ಣು ಮುಚ್ಚಿಲ್ಲ. ಇವತ್ತೊಂದ ದಿನ ನೋಡು, ಇನ್ನ ಮುಂದ ತರೂದಿಲ್ಲ. ಕುಂಟಿ ಆದ್ರ ಆಗಲಿ."

"ಕುಂಟಿ ಆದ ಮ್ಯಾಲೆ ನನ್ನ ಬೈಬ್ಯಾಡ. ಮೊದಲ ಕಾಲು ಹಿಡಿ."

ಮೇಜಿನ ಮೇಲಿದ್ದ ಶಾರವ್ವ ಕೇಳಿದಳು: "ನೋವಾಕ್ಕತೇನು?"

"ಏನೂ ಆಗೂದಿಲ್ಲ," ಎಂದ ದ್ಯಾಮಣ್ಣ.

"ಹೋದ ಸಲಾನೂ ಹಂಗ ಅಂದಿದ್ದಿ!" ಎಂದು ಕೂಸು ಕಿಟಾರನೆ ಚೀರಿತು.

ಆಗ ಹೊರಗೆ ಕುಳಿತಿದ್ದ ಪರ್ವತವ್ವ ತಾಯಿಯವರು ಗೋಡೆ ಹಿಡಿದುಕೊಂಡು ಒಳಗೆ ಬಂದು, ಮೇಜಿನ ಪಕ್ಕದ ಸ್ಟೂಲಿನ ಮೇಲೆ ಕುಳಿತರು.

"ನೋವು ಆಕ್ಕತಿ ಮಗಾ," ಎಂದರು.

ಕೂಸಿನ ಅಳು ಅರ್ಧಕ್ಕೇ ನಿಂತಿತು. ಆ ಕೋಣೆಯಲ್ಲಿ ಅದನ್ನು ಒಪ್ಪಿಕೊಂಡವರು ಅವರೇ ಮೊದಲು.

"ನನಗೂ ಹುಣ್ಣೈತಿ, ನೋಡು. ನನ್ನ ಬತ್ತಿ ಕೆಲಸ ಹಂಗ ಉಳದೈತಿ. ಇದರಾಗಿನ ಬೀಜ ತಗದು ಕೊಡ್ತೀಯೇನು? ಹತ್ತಿ ಮಾತ್ರ ಹರೀಬಾರದು."

"ಹರದ್ರ ಬೈತೀ?"

"ಬ್ಯಾರೇದು ಕೊಡ್ತೀನಿ."

ಶಾರವ್ವ ಮೂಗು ಒರೆಸಿಕೊಂಡು ಹತ್ತಿಯನ್ನು ಕೈಗೆ ತೆಗೆದುಕೊಂಡಳು. ಬೀಜ ಸುಲಭಕ್ಕೆ ಬಿಡಲಿಲ್ಲ. ನಾಲಿಗೆಯನ್ನು ತುಟಿಯ ಮೂಲೆಗೆ ಒತ್ತಿ, ಎಳೆಗಳನ್ನು ಒಂದೊಂದಾಗಿ ಸರಿಸತೊಡಗಿದಳು. ಚಿಮಟ ಹಿಡಿದು ನಿಂತಿದ್ದ ದ್ಯಾಮಣ್ಣನ ಕಡೆ ತಾಯಿಯವರು ತಿರುಗಿ, ಕೂಸಿನ ಕೈ ತೋರಿಸಿ ಇಷ್ಟೇ ಅಂದರು: "ನೀನೂ ಹಂಗ ತಗಿ."

ಅವನು ಕುದಿಸಿ ಆರಿಸಿದ ನೀರನ್ನು ಪಟ್ಟಿಯ ಮೇಲೆ ಹನಿಸಿದ. ಕೂಸು ಚೀರುತ್ತಿದ್ದಾಗ ಪಟ್ಟಿ ನೆನೆಯುವವರೆಗೆ ಕಾಯುವ ತಾಳ್ಮೆ ಅವನಿಗೆ ಇರುತ್ತಿರಲಿಲ್ಲ, ಈಗ ಕಾದ. ಬಟ್ಟೆ ತಾನಾಗಿ ಸಡಿಲವಾಯಿತು. ಒಮ್ಮೆ ಶಾರವ್ವ "ಹಾ!" ಎಂದು ಕಾಲು ಎಳೆದುಕೊಂಡಾಗ ಅವನು ಕೈ ನಿಲ್ಲಿಸಿದ. "ಹೌದು, ನೋವಾತು," ಎಂದರು ತಾಯಿಯವರು. "ಈ ಬೀಜ ಯಾವ ಕಡೆಯಿಂದ ಬಿಡತೈತಿ?" ಕೂಸು ಮತ್ತೆ ಹತ್ತಿಯ ಕಡೆ ಬಗ್ಗಿತು.

ಮನೆಗೆ ಹೋದರೂ ದ್ಯಾಮಣ್ಣನ ತಲೆಯಲ್ಲಿ ಅದೇ ತಿರುಗುತ್ತಿತ್ತು. ತಾಯಿಯವರ ತುಟಿಯ ಮೇಲೆ ಮಂತ್ರವಿರಲಿಲ್ಲ, ಅವನು ನೋಡಿದ್ದ. ಕೂಸಿನ ಮೈ ಮುಟ್ಟಲಿಲ್ಲ, ಭಸ್ಮ ಹಚ್ಚಲಿಲ್ಲ. ಹಾಗಾದರೆ ಹತ್ತಿಯೇ ಇರಬೇಕು ಎಂದು ತೀರ್ಮಾನಿಸಿದ.

ಗುರುವಾರ ಕೂಸು ಹೆಚ್ಚು ಅಳದೇ ಇದ್ದದ್ದರಿಂದ ಧೈರ್ಯ ತಂದುಕೊಂಡು ಶನಿವಾರ ಕಲ್ಲವ್ವ ಮತ್ತೆ ಬಂದಳು. ದ್ಯಾಮಣ್ಣ ನೀಲಿ ಕಾಗದದ ಸುರುಳಿಯಿಂದ ದವಾಖಾನೆಯ ಬಿಳಿ ಹತ್ತಿಯನ್ನು ದೊಡ್ಡದಾಗಿ ಹರಿದು ಕೂಸಿನ ಕೈಗಿಟ್ಟ. "ತಗಿ, ಬೀಜ ತಗಿ."

"ಬೀಜ ಎಲ್ಲೈತಿ?"

"ಒಳಗೈತಿ, ಹುಡುಕು."

ಶಾರವ್ವ ಹಿಸುಕಿದಳು, ಬಿಡಿಸಿದಳು, ಬೆಳಕಿಗೆ ಹಿಡಿದಳು. ಆಮೇಲೆ ಹತ್ತಿಯನ್ನು ಬಿಟ್ಟು ಅವನ ಮುಖ ನೋಡಿದಳು. ಅಂದಿನ ಚೀರಾಟ ಹಿಂದಿನ ಎಲ್ಲವನ್ನೂ ಮೀರಿಸಿತು. ಪಟ್ಟಿ ಅರ್ಧವೇ ಬಿಚ್ಚಿತ್ತು. "ಮುಗೀತು, ಇನ್ನ ಬರೂದಿಲ್ಲ," ಎಂದು ಕಲ್ಲವ್ವ ಕೂಸನ್ನು ಎತ್ತಿಕೊಂಡು ಹೊರಟೇಬಿಟ್ಟಳು.

ದ್ಯಾಮಣ್ಣ ನೆಟ್ಟಗೆ ಮಠಕ್ಕೆ ನಡೆದ. ತಾಯಿಯವರು ಅಂಗಳದಲ್ಲಿ ಬತ್ತಿ ಹೊಸೆಯುತ್ತಿದ್ದರು.

"ಯವ್ವಾ, ನಿಮ್ಮ ಹತ್ತಿ ಪವಾಡ ಎರಡನೇ ದಿನಕ್ಕ ನಡೀಲಿಲ್ಲ ನೋಡ್ರಿ," ಎಂದ.

"ಬೀಜ ಇದ್ದುವೇನು?"

"ದವಾಖಾನಿ ಹತ್ತ್ಯಾಗ ಎಲ್ಲೀ ಬೀಜರಿ?"

"ಕೂಸಿಗೆ ಏನು ಹೇಳಿದಿ?"

"ಒಳಗೈತಿ ಅಂತ ಹೇಳಿದೆ."

ತಾಯಿಯವರು ಕೈಯಲ್ಲಿದ್ದ ಬತ್ತಿಯನ್ನು ಹೊಸೆದು ಮುಗಿಸಿ, ತಟ್ಟೆಯಲ್ಲಿಟ್ಟು, ಮೆಲ್ಲಗೆ ಅಂದರು: "ಹಂಗಾದ್ರ ಎರಡ ಸುಳ್ಳು ಆದುವು."

ನೋವಾಗುವುದಿಲ್ಲ ಎಂದದ್ದು ಒಂದು, ಬೀಜವಿದೆ ಎಂದದ್ದು ಇನ್ನೊಂದು. ಕೂಸು ಹೆದರಿದ್ದು ಚಿಮಟಕ್ಕೆ ಮಾತ್ರವಲ್ಲವೆಂದು ಅವನಿಗೆ ಹೊಳೆದದ್ದು ಆಗ. ಮಠದ ಮುಂದೆ ಎಂದೂ ಬಾಗದವನು ತಲೆ ತಗ್ಗಿಸಿ ಅವರ ಪಾದ ಮುಟ್ಟಿದ. ಮುಟ್ಟುವಾಗ ಹಿಮ್ಮಡಿಯ ಹುಣ್ಣಿಗೆ ಕೈ ತಾಗದಂತೆ ನೋಡಿಕೊಂಡ.

ಮರುದಿನ ಬೆಳಗಾಗುತ್ತಲೇ ತಾನೇ ಹೊಲಕ್ಕೆ ಹೋಗಿ, ಒಡೆದ ಕಾಯಿಗಳಿಂದ ಹತ್ತಿ ಬಿಡಿಸಿಕೊಂಡು ಕಲ್ಲವ್ವನ ಮನೆಯ ಹೊಸ್ತಿಲಲ್ಲಿ ಕುಳಿತ. ಬಾಗಿಲು ಅರ್ಧ ಮುಚ್ಚಿತ್ತು.

"ಶಾರವ್ವಾ," ಎಂದ, "ನಿನ್ನಿ ಬೀಜ ಐತಿ ಅಂದದ್ದು ಸುಳ್ಳು. ನೋವಾಗೂದಿಲ್ಲ ಅಂದದ್ದೂ ಸುಳ್ಳು. ಆಕ್ಕತಿ. ನೀ ತಡಿ ಅಂದಲ್ಲಿ ತಡೀತೀನಿ."

ಕೂಸು ಬಾಗಿಲ ಸಂದಿಯಿಂದ ಕೈ ಚಾಚಿ ಹತ್ತಿಯನ್ನು ಚಿವುಟಿ ನೋಡಿತು. ಸ್ವಲ್ಪ ಹೊತ್ತಿನ ಮೇಲೆ ಒಳಗೆ ಅದರ ದನಿ ಕೇಳಿತು: "ಯವ್ವಾ, ಇದರಾಗ ಐತಿ."

ಅಂದೇ ದವಾಖಾನೆಯಲ್ಲಿ ಕಲ್ಲವ್ವ ರೂಢಿಯಂತೆ ಕಾಲು ಹಿಡಿಯಲು ಬಂದಳು. "ನೀ ಹೊರಗ ಕುಂಡ್ರು," ಎಂದು ಶಾರವ್ವ ತಾನೇ ಕಾಲು ಚಾಚಿದಳು. ನೀರು ಹನಿಸಿ, ಕಾದು, ದ್ಯಾಮಣ್ಣ ಪಟ್ಟಿಯನ್ನು ಎಳೆ ಎಳೆಯಾಗಿ ಬಿಡಿಸಿದ. ಎರಡು ಸಲ ಅವಳು "ತಡಿ" ಎಂದಳು, ಎರಡು ಸಲವೂ ಅವನು ತಡೆದ. ಬೆರಳುಗಳು ಬಿಡಿಬಿಡಿಯಾಗಿಯೇ ಇದ್ದವು. ಹೊಸ ಪಟ್ಟಿ ಸುತ್ತಿ, ಕೂಸಿನ ಅವ್ವನನ್ನು ಕರೆಯಲು ಬಾಗಿಲು ತೆರೆದ.

ಕಲ್ಲವ್ವ ಬೆಂಚಿನ ಮೇಲೆ, ಗೋಡೆಗೆ ತಲೆ ಆನಿಸಿ ನಿದ್ದೆ ಹೋಗಿದ್ದಳು.