ಹದಿಮೂರನೇ ತಾರೀಖು, ಶುಕ್ರವಾರ

"ಕೇಳಿರಪ್ಪಾ ಕೇಳಿ! ಅರಮನೆಯ ಯುನಿಕ್ಸ್ ಯಂತ್ರದ ಮೂರು ಒಗಟು ಬಿಡಿಸಿದವರು ಏನು ಕೇಳಿದರೂ ರಾಣಿ ವೀರಾಜಮ್ಮಣ್ಣಿಯವರು ಕೊಡುತ್ತಾರೆ. ತಪ್ಪು ಹೇಳಿದವರ ತಲೆ ಸೋಮವಾರ ಹಾರುತ್ತದೆ!"

ಡಂಗುರದವನು ಕೆರೆ ಏರಿಯ ಮೇಲೆ ಹೀಗೆ ಸಾರಿಕೊಂಡು ಹೋದಾಗ ನೀರಗಂಟಿ ಜವರ ಮೊಣಕಾಲುದ್ದ ಕೆಸರಿನಲ್ಲಿದ್ದ. ಗದ್ದೆಗಳಿಗೆ ಸರದಿಯಂತೆ ನೀರು ಬಿಡುವುದು ಅವನ ಕೆಲಸ. ಆ ಕೆಲಸಕ್ಕೆ ಯಂತ್ರ ಕಲ್ಲು ಹಾಕಿತ್ತು. ರಾಣಿ ವೇಳಾಪಟ್ಟಿ ಬರೆದಿಟ್ಟರೆ ಅದು ಹೊತ್ತಿಗೆ ಸರಿಯಾಗಿ ಕೆಲಸ ಮಾಡಬೇಕು. ಆದರೆ ಬೇಡದ ದಿನವೆಲ್ಲ ದೊಡ್ಡ ತೂಬು ತೆರೆದು ಪೈರು ಕೊಚ್ಚಿಹಾಕುತ್ತಿತ್ತು. ಊರವರು ಬೈಯುತ್ತಿದ್ದದ್ದು ಮಾತ್ರ ಜವರನನ್ನು. ತಲೆ ಹೋದರೆ ಬೈಗುಳವಾದರೂ ತಪ್ಪುತ್ತದೆ ಎಂದು ಅವನು ಕಾಲು ತೊಳೆದು ಹೊರಟೇಬಿಟ್ಟ.

ಸಭೆಯಲ್ಲಿ ಅವನಿಗಿಂತ ಮುಂಚೆ ಇಬ್ಬರು ಬಂದಿದ್ದರು. ಒಬ್ಬ ಸಾಮಂತರ ಮಗ ಕಂಠೀರವ, ಮೀಸೆಯೇ ಬಂಡವಾಳ. ಇನ್ನೊಬ್ಬರು ವಿದ್ವಾನ್ ತಿರುಮಲಾಚಾರ್ಯರು, ಯಂತ್ರದ ಕೈಪಿಡಿ ಬರೆದವರು. ಅದನ್ನು ಓದಿ ಅರ್ಥಮಾಡಿಕೊಂಡವರು ಆ ರಾಜ್ಯದಲ್ಲಿ ಇನ್ನೂ ಹುಟ್ಟಿರಲಿಲ್ಲ.

ರಾಣಿ ಮೊದಲ ಒಗಟು ಕೇಳಿದರು. "ಬೆಳಗ್ಗೆ ಆರಕ್ಕೆ ಒಂದೇ ಸಲ ನಗಾರಿ ಬಾರಿಸಲಿ ಎಂದು ವೇಳಾಪಟ್ಟಿಯ ಗಂಟೆಯ ಅಂಕಣದಲ್ಲಿ ಆರು ಬರೆದೆ, ನಿಮಿಷದ ಅಂಕಣದಲ್ಲಿ ನಕ್ಷತ್ರದ ಗುರುತು ಹಾಕಿದೆ. ಅದು ಅರವತ್ತು ಸಲ ಬಾರಿಸಿತು. ಏಕೆ?"

"ಯಂತ್ರಕ್ಕೆ ಹುಚ್ಚು ಹಿಡಿದಿದೆ," ಎಂದ ಕಂಠೀರವ. ಭಟರು ಅವನನ್ನು ಮೂಲೆಯಲ್ಲಿ ಕೂರಿಸಿದರು.

"ತಾಯಿ, ತೂಬಿನ ಗೋಡೆಗೆ ಅಂಟಿಸಿರೋ ಪಟ್ಟೀಲಿ ತಿಂಗಳಿನ ಅಂಕಣಕ್ಕೂ ನಕ್ಷತ್ರ ಐತೆ. ಅದು ಪ್ರತಿ ತಿಂಗಳೂ ತೆರೀತದೆ," ಎಂದ ಜವರ. "ಅಂದ್ರೆ ನಕ್ಷತ್ರ ಅಂದ್ರೆ 'ಪ್ರತಿಯೊಂದೂ'. ಆರು ಗಂಟೆಯ ಪ್ರತಿ ನಿಮಿಷಕ್ಕೂ ಬಾರಿಸ್ತದೆ. ಅಲ್ಲಿ ಸೊನ್ನೆ ಬರೀರಿ."

"ನಾನೂ ಅದನ್ನೇ ಹೇಳಬೇಕೆಂದಿದ್ದೆ," ಎಂದರು ಆಚಾರ್ಯರು.

ರಾಣಿ ಎರಡನೆಯದನ್ನು ಕೇಳಿದರು. "ಎದುರು ಕೂತು 'ದೀಪ ಹಚ್ಚು' ಎಂದರೆ ಯಂತ್ರ ಹಚ್ಚುತ್ತದೆ. ಅದೇ ಮಾತನ್ನು ಪಟ್ಟಿಯಲ್ಲಿ ಬರೆದಿಟ್ಟರೆ ಹೊತ್ತಿಗೆ ಏಳುತ್ತದೆ, ದೀಪ ಮಾತ್ರ ಹಚ್ಚುವುದಿಲ್ಲ. ಏಕೆ?"

"ನೀವು ಎದುರಿಗಿದ್ರೆ ದೀಪದ ಕೋಣೆ ಎಲ್ಲೈತೆ ಅಂತ ನಿಮ್ಮಿಂದ ತಿಳೀತದೆ. ಅದೊಂದೇ ಹೊಂಟಾಗ ದಾರಿ ಗೊತ್ತಿಲ್ಲ. ಹೊಸ ಆಳಿಗೆ ಹೇಳ್ದಂಗೆ ಪೂರಾ ವಿಳಾಸ ಬರೀಬೇಕು, ತಾಯಿ," ಎಂದ ಜವರ.

ರಾಣಿ ಅಲ್ಲೇ ಬರೆದು ನೋಡಿದರು. ಮರುನಿಮಿಷವೇ ದೀಪ ಹತ್ತಿತು.

"ನಾನೂ ಅದನ್ನೇ..." ಎಂದರು ಆಚಾರ್ಯರು.

"ಹಾಗಾದರೆ ಮೂರನೆಯದಕ್ಕೆ ನೀವೇ ಮೊದಲು ಹೇಳಿ," ಎಂದರು ರಾಣಿ. "ತಾರೀಖಿನ ಅಂಕಣದಲ್ಲಿ ಹದಿಮೂರು, ವಾರದ ಅಂಕಣದಲ್ಲಿ ಶುಕ್ರ ಬರೆದೆ. ವರ್ಷಕ್ಕೆ ಒಂದೆರಡು ಸಲ ತೆರೆಯಬೇಕಾದ ತೂಬು ತಿಂಗಳಿಗೆ ಐದಾರು ಸಲ ತೆರೆಯುತ್ತಿದೆ. ಏಕೆ?"

ಆಚಾರ್ಯರು ತಮ್ಮ ಪುಸ್ತಕ ತೆರೆದು ಓದಿದರು: "ಉಭಯ ನಿರ್ಬಂಧಗಳು ಯಥೋಚಿತವಾಗಿ ಪರಿಗಣಿಸಲ್ಪಡತಕ್ಕದ್ದು." ಇನ್ನೊಮ್ಮೆ ಓದಿದರು. ಬೆವರು ಒರೆಸಿಕೊಂಡರು. "ಎರಡೂ ಕೂಡಿದ ದಿನವೇ ತೆರೆಯಬೇಕು. ತೂಬಿನ ತಿರುಪು ಸಡಿಲವಾಗಿರಬೇಕು."

ಆ ತಿರುಪನ್ನು ಜವರ ಹಿಂದಿನ ದಿನವಷ್ಟೇ ಬಿಗಿ ಮಾಡಿದ್ದ. ಭಟರು ಆಚಾರ್ಯರನ್ನೂ ಮೂಲೆಗೆ ಕರೆದೊಯ್ದರು. ಇನ್ನುಳಿದವನು ಜವರನೊಬ್ಬನೇ. ಬರೆದವರಿಗೇ ತಿಳಿಯದ್ದು ತನಗೆಲ್ಲಿ ತಿಳಿದೀತು? ಭಯದಲ್ಲಿ ಅವನಿಗೆ ತೋಚಿದ್ದು ತನ್ನ ನೀರಿನ ಸರದಿಯೊಂದೇ.

"ತಾಯಿ, ಒಬ್ಬನ ಪಾಲು ಹದಿಮೂರನೇ ತಾರೀಖು, ಇನ್ನೊಬ್ಬನ ಪಾಲು ಶುಕ್ರವಾರ ಅಂದ್ರೆ ನಾನು ಇಬ್ಬರಿಗೂ ನೀರು ಬಿಡ್ತೀನಿ. ಎರಡೂ ಒಂದೇ ದಿನ ಬರ್ಲಿ ಅಂತ ಕಾಯಲ್ಲ. ಯಂತ್ರವೂ ಹಂಗೇ, ಯಾವುದೊಂದು ಬಂದ್ರೂ ತೆರೀತದೆ. ಎರಡೂ ಕೂಡಿದ ದಿನವೇ ಬೇಕಾದ್ರೆ ಪಟ್ಟೀಲಿ ಹದಿಮೂರು ಮಾತ್ರ ಬರೀರಿ. 'ಇವತ್ತು ಶುಕ್ರವಾರವಾದ್ರೆ ಮಾತ್ರ ತೆಗಿ' ಅಂತ ಕೆಲಸ ಬರೆಯೋ ಜಾಗದಲ್ಲೇ ಹೇಳಿ."

ರಾಣಿ ತೂಬು ತೆರೆದ ದಿನಗಳ ಲೆಕ್ಕ ತರಿಸಿ ನೋಡಿದರು. ಎಲ್ಲ ಶುಕ್ರವಾರಗಳೂ ಇದ್ದವು, ಎಲ್ಲ ಹದಿಮೂರುಗಳೂ ಇದ್ದವು. ಅವರಿಗೆ ನಗು ತಡೆಯಲಾಗಲಿಲ್ಲ. "ಕೇಳಪ್ಪ ಜವರ, ಅರ್ಧ ರಾಜ್ಯ ಬೇಕೇ?"

"ಕೈಪಿಡೀನ ಹೊಸದಾಗಿ ಬರೆಯೋಕೆ ಅಪ್ಪಣೆ ಕೊಡಿ, ತಾಯಿ. ಅದಕ್ಕೆ ಈ ಇಬ್ಬರ ತಲೆ ಬೇಕು."

ಆಚಾರ್ಯರು ಕಣ್ಣು ಮುಚ್ಚಿಕೊಂಡರು.

"ಮುಂಡದ ಸಮೇತ," ಎಂದ ಜವರ. "ಇವರು ಎಡವಿದ ಕಡೆ ಎಲ್ಲರೂ ಎಡವ್ತಾರೆ. ನಾನು ಹೇಳೋದನ್ನ ಆಚಾರ್ಯರು ತಪ್ಪಿಲ್ಲದಂಗೆ ಬರೀಲಿ, ದೊರೆಮಗ ಓದಲಿ. ಅವರಿಗೆ ತಿಳಿಯೋವರೆಗೂ ತಿದ್ದುವ."

ಏಳು ಸಲ ತಿದ್ದಿದರು. ಎಂಟನೆಯ ಸಲ ಕಂಠೀರವ ಹಾಳೆಯನ್ನು ನಿಧಾನವಾಗಿ ಓದಿದ: "ತಾರೀಖು, ವಾರ ಎರಡನ್ನೂ ಬರೆದರೆ, ಯಾವುದೊಂದು ಬಂದರೂ ಕೆಲಸ ನಡೆಯುತ್ತದೆ." ತಲೆಯೆತ್ತಿ, "ಅಯ್ಯೋ, ಇಷ್ಟೇನಾ!" ಎಂದ.

ಆ ಕೈಪಿಡಿಗೆ ಅಂಥ ಹೊಗಳಿಕೆ ಹಿಂದೆಂದೂ ಸಿಕ್ಕಿರಲಿಲ್ಲ. ಆಚಾರ್ಯರ ಕಣ್ಣಲ್ಲಿ ನೀರೇ ಬಂತು.