ಟವರಿನ ಕೆಳಗೆ ಹಾಸಿದ ಚಾಪೆ

ನದಿಯ ದಂಡೆಯಲ್ಲಿ ಒಂದು ಆಶ್ರಮ. ಅಕ್ಕಮ್ಮ ಅದರ ಗುರು. ಅಲ್ಲಿ ಗುಡಿ ಇರಲಿಲ್ಲ, ಸುತ್ತಲ ಊರುಗಳ ಹಾಲನ್ನು ತಂಪು ಮಾಡುವ ಯಂತ್ರ ಇತ್ತು.

"ಹಸಿದವನಿಗೆ ಗಂಟೆ ಕೇಳಿಸಲ್ಲ" ಅನ್ನುತ್ತಿದ್ದರು ಅಕ್ಕಮ್ಮ.

ಯಂತ್ರದ ಹಿಂದೆ ಕೂಲಿಂಗ್ ಟವರ್. ಯಂತ್ರದ ಬಿಸಿ ಹೊತ್ತ ನೀರು ಅದರೊಳಗೆ ಮಳೆಯಂತೆ ಸುರಿಯುತ್ತಿತ್ತು. ಮೇಲೆ ದೊಡ್ಡ ಫ್ಯಾನ್. ಫ್ಯಾನ್ ತಿರುಗಿದರೆ ತುಂತುರು ಗಾಳಿಯಲ್ಲಿ ತೇಲಿ, ಆಶ್ರಮದ ಮುದುಕರ ಆರೈಕೆ ಮನೆಯ ಕಿಟಕಿಗಳ ತನಕ ಹೋಗುತ್ತಿತ್ತು.

ಆ ನೀರು ಶಿಷ್ಯ ಮರಿದೇವನ ಹೊಣೆ. ವಾರಕ್ಕೊಮ್ಮೆ ಕ್ರಿಮಿ ಕೊಲ್ಲುವ ಔಷಧಿ ಹಾಕುತ್ತಿದ್ದ. ವಾರಕ್ಕೊಮ್ಮೆ ಪರೀಕ್ಷೆಯ ಪಟ್ಟಿಯನ್ನು ನೀರಿನಲ್ಲಿ ಅದ್ದುತ್ತಿದ್ದ. ಪಟ್ಟಿಯನ್ನು ಎರಡು ದಿನ ಬೆಚ್ಚಗಿಟ್ಟರೆ ಕ್ರಿಮಿ ಇದ್ದ ಕಡೆ ಕೆಂಪು ಚುಕ್ಕೆಗಳು ಏಳುತ್ತವೆ. ಮರಿದೇವನ ಪಟ್ಟಿಯಲ್ಲಿ ಒಂದು ಚುಕ್ಕೆಯೂ ಎದ್ದದ್ದಿಲ್ಲ.

ಒಂದು ಬೆಳಿಗ್ಗೆ ಆರೈಕೆ ಮನೆಯಲ್ಲಿ ಮೂವರಿಗೆ ಜ್ವರ, ಬಿಡದ ಕೆಮ್ಮು. ಡಾಕ್ಟರ್ ಅವರನ್ನು ಊರಿನ ಆಸ್ಪತ್ರೆಗೆ ಸಾಗಿಸಿದರು. ಹೋಗುವಾಗ ಕಿಟಕಿಯಾಚೆ ನೋಡಿದರು.

"ಅಮ್ಮ, ಆ ಟವರಿನ ನೀರು ಹೇಗಿದೆ? ಅಂಥ ಹನಿಯಲ್ಲಿ ಕೂತು ಶ್ವಾಸಕೋಶಕ್ಕೆ ಇಳಿಯೋ ಕ್ರಿಮಿ ಒಂದಿದೆ."

ಅಕ್ಕಮ್ಮ ಫ್ಯಾನ್ ನಿಲ್ಲಿಸಿಬಿಟ್ಟರು. ಅದಿಲ್ಲದೆ ಹಾಲಿನ ಯಂತ್ರವೂ ನಡೆಯುತ್ತಿರಲಿಲ್ಲ.

ಮಧ್ಯಾಹ್ನ ಹಾಲಿನ ಕ್ಯಾನುಗಳು ಬಂದವು. ಬಿಸಿಲು ಸುಡುತ್ತಿತ್ತು. ಗಾಡಿಯ ರುದ್ರಣ್ಣ ಕೂಗಿದ:

"ನಿಮ್ಮ ಧ್ಯಾನ ಕಾಯುತ್ತೆ ಕಣ್ರೋ, ಹಾಲು ಕಾಯಲ್ಲ!"

ಮರಿದೇವ ಗುರುವಿನ ಬಳಿಗೆ ಓಡಿದ.

"ಅಮ್ಮ, ಫ್ಯಾನ್ ಹಾಕಲಾ? ನೀರು ಶುದ್ಧವಾಗಿದೆ. ಪಟ್ಟಿ ನೋಡಿ, ತೊಳೆದ ತಟ್ಟೆ ಥರ ಇದೆ."

"ಇದನ್ನು ಯಾವಾಗ ಅದ್ದಿದೆ?"

"ಔಷಧಿ ಹಾಕಿ, ಸ್ವಲ್ಪ ಹೊತ್ತು ಬಿಟ್ಟು."

"ಔಷಧಿಗೆ ಮೊದಲು ಯಾಕೆ ಅದ್ದಲಿಲ್ಲ?"

ಮರಿದೇವ ತಬ್ಬಿಬ್ಬಾದ. "ನಾಲ್ಕು ಜನ ನೋಡೋ ನೀರು, ಅಮ್ಮ. ಕೊಳೆ ನೀರನ್ನು ಪರೀಕ್ಷೆಗೆ ಇಡೋದಾ? ಮಿಂದು ಮಡಿಯಾಗಿ ಮುಂದೆ ನಿಲ್ಲಬೇಕು ಅಂತ ನೀವೇ ತಾನೆ ಹೇಳಿಕೊಟ್ಟಿದ್ದು?"

"ಬೆಲ್ಲ ತಿಂದ ಮಗುವಿನ ಬಾಯಿ ನೀನೇ ಒರೆಸಿ, ಆಮೇಲೆ ತಿಂದೆಯಾ ಅಂತ ಕೇಳ್ತಿದ್ದೀಯಲ್ಲೋ."

"ಆದರೆ ಔಷಧಿಗೆ ಕ್ರಿಮಿ ಸತ್ತಿರುತ್ತಲ್ಲ?"

ಅಕ್ಕಮ್ಮ ಎದ್ದರು. ಒಳಗೆ ಹೋಗಿ ತಮ್ಮ ಚಾಪೆ ತಂದರು. ಟವರಿನ ತುಂತುರು ಬೀಳುವ ಜಾಗದಲ್ಲಿ ಹಾಸಿ ಕೂತರು.

"ಹಾಕು ಫ್ಯಾನ್."

ಮರಿದೇವನ ಕೈ ಸ್ವಿಚ್ಚಿನ ಮೇಲಿತ್ತು.

"ಅಮ್ಮ, ಏಳಿ. ನಿಮಗೆ ಮೊದಲೇ ಉಬ್ಬಸ."

"ನೀರು ಶುದ್ಧ ಅಂದೆಯಲ್ಲ?"

"ಅಂದೆ."

"ಹಾಗಾದರೆ ಹಾಕು. ಅಲ್ಲಿ ಹಾಲು ಒಡೀತಿದೆ."

ರುದ್ರಣ್ಣ ಮತ್ತೆ ಕೂಗಿದ. ಮರಿದೇವ ಗುರುವಿನ ಕಡೆ ತಿರುಗಿದ.

"ಸ್ವಲ್ಪ ಆ ಕಡೆ ಕೂತ್ಕೊಳ್ಳಿ, ಅಮ್ಮ. ದಮ್ಮಯ್ಯ."

"ಆರೈಕೆ ಮನೆಯವರಿಗೂ ಹೀಗೇ ಹೇಳಿದ್ದೆಯಾ, ಆ ಕಡೆ ಮಲಗಿ ಅಂತ?"

ಅಕ್ಕಮ್ಮ ಕಣ್ಣು ಮುಚ್ಚಿದರು. ಅವರ ಎದೆ ಏರಿತು, ಇಳಿಯಿತು. ಸಣ್ಣ ಸಿಳ್ಳಿನಂಥ ಸದ್ದು ಬರುತ್ತಿತ್ತು.

ಮರಿದೇವ ಸ್ವಿಚ್ಚಿನಿಂದ ಕೈ ತೆಗೆದ.

ಗಾಡಿಯ ಬಳಿಗೆ ನಡೆದು ಹೇಳಿದ: "ರುದ್ರಣ್ಣ, ಇವತ್ತು ಯಂತ್ರ ನಡೆಯಲ್ಲ. ಕ್ಯಾನುಗಳನ್ನು ಅಡುಗೆ ಮನೆಗೆ ಇಳಿಸಿ. ಕಾಯಿಸಿ ಹೆಪ್ಪು ಹಾಕೋಣ."

"ಇಷ್ಟೂ ಹಾಲಾ? ತಲೆ ಕೆಟ್ಟಿದೆಯೇನೋ ನಿನಗೆ?"

"ಕೆಟ್ಟಿತ್ತು. ಇಳಿಸಿ."

ಅಡುಗೆ ಮನೆಯ ಹೆಂಗಸರು ಎಲ್ಲ ಒಲೆ ಹಚ್ಚಿದರು. "ಇನ್ನು ಸ್ನಾನಕ್ಕೂ ಮೊಸರೇ" ಎಂದು ಒಬ್ಬಳು ಗೊಣಗಿದಳು. ಉಳಿದವರು ಬೈಯುತ್ತಲೇ ಕ್ಯಾನು ಎತ್ತಿದರು.

ಮರಿದೇವ ಮೂಗು ಬಾಯಿಗೆ ಮುಸುಕು ಹಾಕಿಕೊಂಡ, ಕೈಗೆ ರಬ್ಬರ್ ಗವಸು ಏರಿಸಿದ. ಔಷಧಿಯ ಡಬ್ಬ ಮುಟ್ಟಲಿಲ್ಲ. ಮೊದಲು ಹೊಸ ಪಟ್ಟಿ ಅದ್ದಿದ. ಪರೀಕ್ಷೆಗೆ ಪ್ರಯೋಗಾಲಯಕ್ಕೆ ಕಳಿಸಲು ಒಂದು ಶೀಷೆ ನೀರು ತುಂಬಿಟ್ಟ. ಆಮೇಲೆ ತೊಟ್ಟಿಯ ಮೂಲೆಗೆ ಕೈ ಇಳಿಸಿದ.

ಮೇಲಿನ ನೀರು ಕನ್ನಡಿಯಂತಿತ್ತು. ಕೆಳಗಿನಿಂದ ಅವನ ಕೈಗೆ ಬಂದದ್ದು ಗಂಜಿಯಂಥ ಲೋಳೆ, ಬೊಗಸೆ ತುಂಬ. ಔಷಧಿ ಅದರ ಮೇಲೆ ಹರಿದು ಹೋಗಿತ್ತು, ಒಳಗೆ ಇಳಿದಿರಲಿಲ್ಲ.

ಅವನು ಬೊಗಸೆಯನ್ನು ದೂರದಿಂದಲೇ ಗುರುವಿಗೆ ತೋರಿಸಿದ. ಅಕ್ಕಮ್ಮ ಎದ್ದು ಚಾಪೆ ಸುತ್ತಿಕೊಂಡು ಹೋದರು.

ತೊಟ್ಟಿ ಬರಿದು ಮಾಡಿ, ಉಜ್ಜಿ, ತೊಳೆಯುವುದರಲ್ಲಿ ಎರಡು ದಿನ ಕಳೆಯಿತು. ಆಸ್ಪತ್ರೆಯಿಂದ ಸುದ್ದಿ ಬಂತು. ಇಬ್ಬರು ಎದ್ದು ಕೂತಿದ್ದರು. ಮೂರನೆಯವ ನಿಂಗಜ್ಜನಿಗೆ ಮಾತ್ರ ಇನ್ನೂ ಆಮ್ಲಜನಕದ ಕೊಳವೆ.

ಮರಿದೇವ ಪಟ್ಟಿ ತೆಗೆದು ನೋಡಿದ. ರಾಗಿ ಚೆಲ್ಲಿದ ಹಾಗೆ ಕೆಂಪು ಚುಕ್ಕೆಗಳು.

ಅದನ್ನು ಹಿಡಿದು ಗುರುವಿನ ಮುಂದೆ ನಿಂತ.

"ಅಮ್ಮ, ಅವತ್ತು ನಾನು ಸ್ವಿಚ್ಚು ಒತ್ತಿಬಿಟ್ಟಿದ್ದರೆ ಏನು ಮಾಡ್ತಿದ್ರಿ?"

ಅಕ್ಕಮ್ಮ ಪಟ್ಟಿಯಿಂದ ಕಣ್ಣೆತ್ತಿದರು.

"ನಿಂಗಜ್ಜ ಮಾಡಿದ್ದನ್ನೇ, ಮಗನೆ. ಉಸಿರಾಡ್ತಿದ್ದೆ."